ಪೇಟೆ, ದಂಡು, ಬಡಾವಣೆ: ಬೆಂಗಳೂರಿನ ನೆರೆಹೊರೆಗಳಲ್ಲಿ ಸಿರಿಯೂ ಅಂತಸ್ತೂ

ಸಿರಿಯಿದ್ದಲ್ಲಿಗೆ ಅಂತಸ್ತು ತಾನಾಗಿಯೇ ಬಂದು ಸೇರುವುದೆಂದು ಲೋಕದಲ್ಲಿ ನಂಬಿಕೆಯುಂಟು. ಆದರೆ ಊರುಗಳ ಚರಿತ್ರೆಯನ್ನು ಸಾವಧಾನವಾಗಿ ಪರಿಶೀಲಿಸಿದರೆ ಇವೆರಡೂ ಯಾವಾಗಲೂ ಜೊತೆಗೂಡಿ ನಡೆದುವೆಂದು ಹೇಳಲಾಗುವುದಿಲ್ಲ. ಹಣವು ಒಂದು ಕೇರಿಯಲ್ಲಿಯೂ, ಮನ್ನಣೆಯು ಅದರ ನೆರೆಯ ಕೇರಿಯಲ್ಲಿಯೂ, ಅಧಿಕಾರವು ಮೂರನೆಯದರಲ್ಲಿಯೂ ನೆಲೆಸಿದ್ದ ಊರುಗಳುಂಟು. ಬೆಂಗಳೂರು ಅಂಥದೊಂದು ಊರು. ಒಂದು ಗಂಟೆಯ ನಡಿಗೆಯೊಳಗೆ ಒಂದರಿಂದ ಮತ್ತೊಂದಕ್ಕೆ ಹೋಗಿ ಸೇರಬಹುದಾಗಿದ್ದ ಮೂರು ಬಗೆಯ ವಸತಿಗಳು ಅಲ್ಲಿ ಬಹುಕಾಲ ಪಕ್ಕಪಕ್ಕದಲ್ಲಿ ಇದ್ದುವು: ಹಳೆಯ ಪೇಟೆ, ಇಂಗ್ಲಿಷರ ದಂಡು, ಪ್ಲೇಗಿನ ಬಳಿಕ ಬೆಳೆದ ಬಡಾವಣೆಗಳು. ಪ್ರತಿಯೊಂದರ ಜನವೂ ತಮ್ಮ ಅಳತೆಗೋಲಿನಿಂದ ಅಳೆದು ತಾವೇ ಮೇಲೆಂದು ಎಣಿಸಿಕೊಂಡರು. ಆ ಅಳತೆಗೋಲುಗಳು ಹೇಗೆ ಹುಟ್ಟಿದುವು, ಅವುಗಳಿಂದ ಯಾರಿಗೆ ಪ್ರಯೋಜನವಾಯಿತು, ಯಾವ ಅಳತೆಗೂ ಸಿಕ್ಕದೆ ಉಳಿದವರು ಯಾರು ಎಂಬುದನ್ನು ಇಲ್ಲಿ ವಿಚಾರಮಾಡಿದೆ.

೧

ಮೂರರಲ್ಲಿ ಪೇಟೆಯೇ ಹಿರಿಯದು. ೧೫೩೭ ರಲ್ಲಿ ಕೆಂಪೇಗೌಡರು ಕೋಟೆಯನ್ನೂ ಪೇಟೆಯನ್ನೂ ಕಟ್ಟಿಸಿದರೆಂಬುದು ಪ್ರಸಿದ್ಧವಾಗಿದೆ. ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ ಎಂಬ ಹೆಸರುಗಳೇ ಅಲ್ಲಿನ ಬಾಳಿನ ರೀತಿಯನ್ನು ತಿಳಿಸುತ್ತವೆ. ಕಸುಬು ಇದ್ದಲ್ಲಿ ಮನೆ, ಮನೆ ಇದ್ದಲ್ಲಿ ಕಸುಬು. ಕೆಳಗೆ ಅಂಗಡಿ, ಹಿಂದೆ ದಾಸ್ತಾನು, ಮೇಲೆ ಸಂಸಾರ. ಬೀದಿಗೆ ಕಾಣುವ ಮುಖ ನಾಲ್ಕೈದು ಗಜದ ಅಗಲವಿದ್ದರೂ ಒಳಗೆ ಹೋದಂತೆಲ್ಲ ಅಂಕಣದ ಮೇಲೆ ಅಂಕಣವಾಗಿ ಮನೆ ಉದ್ದಕ್ಕೆ ಸಾಗುತ್ತಿದ್ದಿತು. ಸಿರಿಯನ್ನು ಬೀದಿಗೆ ತೋರಿಸುವುದು ಪೇಟೆಯ ಪದ್ಧತಿಯಾಗಿರಲಿಲ್ಲ. ರೇಷ್ಮೆ, ಹತ್ತಿ, ದವಸ, ಬಂಗಾರಗಳ ವ್ಯಾಪಾರದಲ್ಲಿ ಲಕ್ಷಾಂತರ ಹಣವನ್ನು ತಿರುಗಿಸುವ ಸಾಹುಕಾರನೂ ಮೋಟು ಪಂಚೆಯುಟ್ಟು ಗದ್ದುಗೆಯ ಮೇಲೆ ಕುಳಿತಿರುವನು. ಅವನ ಬೆಲೆ ಏನೆಂಬುದು ಅವನ ಹುಂಡಿಗೆ ದೂರದ ಊರಿನಲ್ಲಿ ಸಲ್ಲುವ ಮರ್ಯಾದೆಯಿಂದ ತಿಳಿಯುತ್ತಿದ್ದಿತು.

ಇಂಥ ಹಣ ಅಂತಸ್ತಾಗಿ ಮಾರ್ಪಡಬೇಕಾದರೆ ಅದಕ್ಕೆ ಒಂದೇ ದಾರಿ: ಧರ್ಮಕಾರ್ಯ. ವೀಳ್ಯದೆಲೆಯ ವ್ಯಾಪಾರದಿಂದ ಮೇಲೆ ಬಂದ ಎಲೆ ಮಲ್ಲಪ್ಪಶೆಟ್ಟರು ಮದರಾಸಿನ ಹಳೆಯ ರಸ್ತೆಯ ಬಳಿ ಕೆರೆಯನ್ನು ಕಟ್ಟಿಸಿದರು. ಆ ಕೆರೆಗೆ ಅವರ ಹೆಸರೇ ನಿಂತಿದೆ. ಗುಬ್ಬಿ ತೋಟದಪ್ಪನವರು ತಮ್ಮ ವ್ಯಾಪಾರದ ಗಳಿಕೆಯನ್ನು ರೈಲ್ವೆ ನಿಲ್ದಾಣದ ಬಳಿಯ ಛತ್ರಕ್ಕೂ ವಿದ್ಯಾರ್ಥಿಗಳ ಅನ್ನವಸತಿಗೂ ವಿನಿಯೋಗಿಸಿದರು. ಪೇಟೆಯ ಲೆಕ್ಕದಲ್ಲಿ ದೊಡ್ಡವನೆಂದರೆ ಕೊಡಬಲ್ಲವನು. ಎಷ್ಟು ಜನ ಇವನ ಹೆಸರು ಹೇಳಿ ಉಂಡರು, ಎಷ್ಟು ಜನ ಇವನ ಕೆರೆಯಲ್ಲಿ ನೀರು ಕುಡಿದರು ಎಂಬುದೇ ಅಲ್ಲಿನ ಅಳತೆ.

೨

೧೭೯೯ ರಲ್ಲಿ ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾದ ಬಳಿಕ ಅವರ ಸೈನ್ಯವು ಕೆಲವು ವರ್ಷ ಅಲ್ಲಿಯೇ ಬೀಡುಬಿಟ್ಟಿದ್ದಿತು. ದ್ವೀಪದ ಚಳಿಜ್ವರಕ್ಕೆ ಸಿಪಾಯಿಗಳು ತುತ್ತಾಗಲು, ೧೮೦೯ ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿ, ಪೇಟೆಗೆ ಈಶಾನ್ಯವಾಗಿ ಹಲಸೂರಿನ ಕಡೆಯ ಎತ್ತರದ ಬಯಲಿನಲ್ಲಿ ನೆಲೆಗೊಳಿಸಲಾಯಿತು. ಜನರು ಅದನ್ನು ‘ದಂಡು’ ಎಂದೇ ಕರೆದರು. ಮೊದಲು ಡೇರೆಗಳು, ಆಮೇಲೆ ಬಾರಕುಗಳು, ಅನಂತರ ಕವಾಯತಿನ ಮೈದಾನದ ಸುತ್ತ ವಿಶಾಲವಾದ ತೋಟಗಳ ನಡುವೆ ಬಂಗಲೆಗಳು ಎದ್ದುವು. ೧೮೬೨ ರಲ್ಲಿ ಪೇಟೆಗೊಂದು ದಂಡಿಗೊಂದು ಎಂದು ಎರಡು ಪುರಸಭೆಗಳಾದುವು. ೧೮೬೪ ರಲ್ಲಿ ಮದರಾಸಿನ ಕಡೆಯಿಂದ ರೈಲು ಮೊದಲು ಬಂದು ನಿಂತದ್ದು ದಂಡಿನಲ್ಲಿ. ಪೇಟೆಯ ಬಳಿಗೆ ಅದು ಬಂದದ್ದು ಬಹು ವರ್ಷಗಳ ತರುವಾಯ. ೧೮೭೦ ರಲ್ಲಿ ಎರಡರ ನಡುವೆ ಕಬ್ಬನ್ ಪಾರ್ಕ್ ಉದ್ಯಾನವು ಏರ್ಪಟ್ಟಿತು. ೧೮೮೧ ರಲ್ಲಿ ಸಂಸ್ಥಾನವು ಒಡೆಯರ ಮನೆತನಕ್ಕೆ ಮರಳಿ ಬಂದಾಗಲೂ ದಂಡಿನ ಪ್ರದೇಶವನ್ನು ಇಂಗ್ಲಿಷರು ತಮ್ಮಲ್ಲಿಯೇ ಉಳಿಸಿಕೊಂಡು ರೆಸಿಡೆಂಟರ ಆಡಳಿತಕ್ಕೆ ಒಪ್ಪಿಸಿದರು. ಹೀಗಾಗಿ ಉದ್ಯಾನದ ಈ ಬದಿಗೆ ಒಂದು ಸರ್ಕಾರ, ಆ ಬದಿಗೆ ಮತ್ತೊಂದು ಸರ್ಕಾರ. ಪೊಲೀಸು, ನ್ಯಾಯಸ್ಥಾನ, ಆಸ್ಪತ್ರೆ, ಮಾರುಕಟ್ಟೆಗಳೂ ಬೇರೆ ಬೇರೆ.

ದಂಡಿನಲ್ಲಿ ಅಂತಸ್ತು ಹಣದಿಂದ ಹುಟ್ಟುತ್ತಿರಲಿಲ್ಲ. ಹುದ್ದೆಯಿಂದಲೂ ಮೈಬಣ್ಣದಿಂದಲೂ ಹುಟ್ಟುತ್ತಿದ್ದಿತು. ಇದಕ್ಕೆ ಒಂದು ಉದಾಹರಣೆ ಸಾಕು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿನ್‍ಸ್ಟನ್ ಚರ್ಚಿಲ್ಲರು ೧೮೯೬ ರಲ್ಲಿ ಕಿರಿಯ ಸೈನ್ಯಾಧಿಕಾರಿಯಾಗಿ ಬೆಂಗಳೂರಿಗೆ ಬಂದು, ಇಬ್ಬರು ಗೆಳೆಯರೊಡನೆ ಬಂಗಲೆಯೊಂದರಲ್ಲಿ ವಾಸವಾಗಿದ್ದರು. ಗುಲಾಬಿಯ ತೋಟ, ಪೋಲೋ ಕುದುರೆಗಳು, ಊಳಿಗಕ್ಕೆ ಆಳುಗಳು ಎಲ್ಲವೂ ಇದ್ದುವು. ಸಂಬಳ ಮಾತ್ರ ಇವಕ್ಕೆ ಸಾಲುತ್ತಿರಲಿಲ್ಲ. ಅಧಿಕಾರಿಗಳ ಕ್ಲಬ್ಬಿನ ೧೮೯೯ ರ ಲೆಕ್ಕದ ಪುಸ್ತಕದಲ್ಲಿ ವಸೂಲಾಗದ ಬಾಕಿಗಳ ಪಟ್ಟಿಯಿದೆ. ಅದರಲ್ಲಿ ಅವರ ಹೆಸರಿನೆದುರಿಗೆ ಹದಿಮೂರು ರೂಪಾಯಿ ಕಾಣುತ್ತದೆ. ಆ ಕಾಲಕ್ಕೆ ಆ ಕ್ಲಬ್ಬಿನ ಸದಸ್ಯತ್ವ ಭಾರತೀಯರಿಗೆ ದೊರೆಯುತ್ತಿರಲಿಲ್ಲ. ಇಡೀ ಕ್ಲಬ್ಬಿನ ಸಾಲವನ್ನು ಒಂದು ದಿನದ ವ್ಯಾಪಾರದಲ್ಲಿ ತೀರಿಸಬಲ್ಲ ಚಿಕ್ಕಪೇಟೆಯ ಸಾಹುಕಾರನಿಗೂ ಅಲ್ಲಿ ಕುರ್ಚಿಯಿರಲಿಲ್ಲ. ಈ ಅವಮಾನಕ್ಕೆ ಉತ್ತರವೋ ಎಂಬಂತೆ ೧೯೧೭ ರಲ್ಲಿ ವಿಶ್ವೇಶ್ವರಯ್ಯನವರು ಕಬ್ಬನ್ ಪಾರ್ಕಿನ ಅಂಚಿನಲ್ಲಿ ಭಾರತೀಯರಿಗಾಗಿ ಸೆಂಚುರಿ ಕ್ಲಬ್ಬನ್ನು ಸ್ಥಾಪಿಸಿದರು.

ಆದರೆ ದಂಡೆಂದರೆ ಬಂಗಲೆಗಳಷ್ಟೇ ಅಲ್ಲ. ಸೈನ್ಯಕ್ಕೆ ಬೇಕಾದ ಅಕ್ಕಿ, ಮಾಂಸ, ಬಟ್ಟೆ, ಮೇವುಗಳನ್ನು ಒದಗಿಸಲು ತಮಿಳು ನಾಡಿನಿಂದ ಬಂದ ಮೊದಲಿಯಾರರು, ಮುಸಲ್ಮಾನ ವರ್ತಕರು, ಕೂಲಿಗಳು, ಬಟ್ಲರರು, ದೋಬಿಗಳು ಬ್ಲಾಕ್‍ಪಳ್ಳಿಯಲ್ಲಿಯೂ ಹಲಸೂರಿನಲ್ಲಿಯೂ ಕಿಕ್ಕಿರಿದು ತುಂಬಿದ್ದರು. ಇಂದಿನ ಶಿವಾಜಿನಗರವೇ ಅಂದಿನ ಬ್ಲಾಕ್‍ಪಳ್ಳಿ. ಬಂಗಲೆಯೊಂದರ ತೋಟದಷ್ಟು ನೆಲದಲ್ಲಿ ಅಲ್ಲಿ ಒಂದು ಕೇರಿಯೇ ಬಾಳುತ್ತಿದ್ದಿತು. ಈ ಜನರಲ್ಲಿಯೂ ಸಿರಿ ಸೇರಿತು. ಆರ್ಕಾಟು ನಾರಾಯಣಸ್ವಾಮಿ ಮೊದಲಿಯಾರರು ಸಣ್ಣ ವ್ಯಾಪಾರದಿಂದ ಆರಂಭಿಸಿ ಗುತ್ತಿಗೆದಾರರಾದರು. ೧೮೬೮ ರಲ್ಲಿ ಪೂರೈಸಿದ ಅಠಾರಾ ಕಚೇರಿಯ ಕಟ್ಟಡದ ಕೆಲಸ ಅವರದೇ. ೧೮೭೩ ರಲ್ಲಿ ಅವರು ಬಡ ಮಕ್ಕಳಿಗಾಗಿ ಪಾಠಶಾಲೆಯನ್ನು ತೆರೆದರು. ಪೇಟೆಯ ಶೆಟ್ಟರೂ ದಂಡಿನ ಮೊದಲಿಯಾರರೂ ಬೇರೆ ಬೇರೆ ಸರ್ಕಾರಗಳ ಕೆಳಗೆ, ಬೇರೆ ಬೇರೆ ನುಡಿಗಳನ್ನಾಡುತ್ತಿದ್ದರೂ, ಹಣವನ್ನು ಗೌರವವಾಗಿ ಮಾರ್ಪಡಿಸಿಕೊಳ್ಳಲು ಹಿಡಿದ ಮಾರ್ಗ ಒಂದೇ ಆಗಿದ್ದಿತು.

೩

ಈ ಎರಡು ನೆರೆಗಳ ನಡುವೆ ಮೂರನೆಯದು ಬಂದುದಕ್ಕೆ ಮುಖ್ಯ ಕಾರಣ ರೋಗ. ಪೇಟೆಯ ಇಕ್ಕಟ್ಟನ್ನು ಸಡಿಲಿಸಬೇಕೆಂಬ ಯೋಚನೆ ಮೊದಲೇ ಇದ್ದಿತು. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, ೧೮೯೨ ರಲ್ಲಿ, ಕೋಟೆಯ ನೈರುತ್ಯಕ್ಕೆ ಚಾಮರಾಜಪೇಟೆಯು ಏರ್ಪಟ್ಟಿತು. ೧೮೯೬ ರಲ್ಲಿ ಹೆಸರಘಟ್ಟದ ಕೆರೆಯಿಂದ ಕಬ್ಬಿಣದ ಕೊಳವೆಗಳ ಮೂಲಕ ನೀರು ಬಂದಿತು. ಆದರೂ ತಾತಂದಿರ ಮನೆಯನ್ನು ಬಿಟ್ಟು ಬಯಲಿಗೆ ಹೋಗಲು ಜನ ಹಿಂಜರಿದರು. ೧೮೯೮ ರ ಆಗಸ್ಟಿನಲ್ಲಿ ಪ್ಲೇಗುಮಾರಿಯು ಬೆಂಗಳೂರನ್ನು ಹೊಕ್ಕಿತು. ವಿ. ಪಿ. ಮಾಧವರಾಯರು ಸಂಸ್ಥಾನದ ಪ್ಲೇಗ್ ಕಮಿಷನರರಾದರು. ರೋಗ ಕಂಡ ಮನೆಯ ಹೆಂಚು ತೆಗೆಸಿ ಬಿಸಿಲು ಬೀಳಿಸುವುದು, ಸುಣ್ಣ ಬಳಿಸುವುದು, ಮನೆಮಂದಿಯನ್ನು ಊರಾಚೆಯ ಗುಡಿಸಲುಗಳಿಗೆ ಸಾಗಿಸುವುದು ನಿತ್ಯದ ಕೆಲಸವಾಯಿತು.

ಆ ಕಾಲದ ನಷ್ಟವನ್ನು ಜನಗಣತಿಯ ಅಂಕಿಗಳು ತೋರಿಸುತ್ತವೆ. ೧೮೯೧ ರಲ್ಲಿ ಪೇಟೆಯ ಕಡೆ ೮೦,೨೮೫ ಜನರೂ ದಂಡಿನ ಕಡೆ ೧,೦೦,೦೮೧ ಜನರೂ ಇದ್ದರು. ೧೯೦೧ ರಲ್ಲಿ ಅವು ೬೯,೪೪೭ ಮತ್ತು ೮೯,೫೯೯ ಕ್ಕೆ ಇಳಿದುವು. ಸತ್ತವರೊಡನೆ ಊರು ಬಿಟ್ಟು ಹೋದವರೂ ಈ ಲೆಕ್ಕದಲ್ಲಿ ಸೇರಿದ್ದಾರೆ. ಎರಡು ಕಡೆಯೂ ತಲಾ ಹತ್ತು ಸಾವಿರಕ್ಕೆ ಮೇಲ್ಪಟ್ಟು ಜನ ಕಡಿಮೆಯಾದರೆಂಬುದನ್ನು ಗಮನಿಸಬೇಕು. ಎರಡು ಸರ್ಕಾರಗಳ ಗಡಿಯನ್ನು ಇಲಿಗಳು ಲೆಕ್ಕಿಸಲಿಲ್ಲ.

ಈ ಭಯದಲ್ಲಿ ದಕ್ಷಿಣಕ್ಕೆ ಬಸವನಗುಡಿಯೂ ಉತ್ತರಕ್ಕೆ ಮಲ್ಲೇಶ್ವರವೂ ವೇಗವಾಗಿ ಬೆಳೆದುವು. ಅಳತೆಹಗ್ಗ ಹಿಡಿದು ಎಳೆದ ನೇರವಾದ ಅಗಲ ಬೀದಿಗಳು, ಸಾಲುಮರಗಳು, ಪ್ರತಿ ಮನೆಗೂ ಸುತ್ತ ಬಿಡಬೇಕಾದ ಬಯಲು, ಹಿತ್ತಿಲ ಹಿಂದೆ ಮಲವನ್ನು ಸಾಗಿಸುವ ಜಾಡಮಾಲಿಗಳಿಗೆಂದೇ ಬಿಟ್ಟ ಕಿರುದಾರಿ, ಇವು ಹೊಸ ಬಡಾವಣೆಗಳ ಲಕ್ಷಣಗಳಾದುವು. ಆ ಕಿರುದಾರಿಗೆ ಕನ್ಸರ್ವೆನ್ಸಿ ಗಲ್ಲಿಯೆಂದು ಹೆಸರು. ಇಲ್ಲೊಂದು ವಿಶೇಷವುಂಟು. ೧೮೯೮ ರಲ್ಲಿ ಹೆಚ್ಚಿನ ವೈದ್ಯರೂ ಅಧಿಕಾರಿಗಳೂ ಪ್ಲೇಗಿಗೆ ಕಾರಣ ಕೊಳಕು, ತೇವ, ಕೆಟ್ಟ ಗಾಳಿ, ಜನಸಂದಣಿ ಎಂದು ನಂಬಿದ್ದರು. ಇಲಿಯ ಮೈಮೇಲಿನ ಚಿಗಟವು ರೋಗವನ್ನು ಹರಡುವುದೆಂದು ಫ್ರೆಂಚ್ ವೈದ್ಯ ಸಿಮೊಂಡನು ಅದೇ ವರ್ಷ ಕರಾಚಿಯಲ್ಲಿ ಕಂಡುಹಿಡಿದನಾದರೂ, ಅದು ಎಲ್ಲರಿಗೂ ಒಪ್ಪಿಗೆಯಾಗಲು ಇನ್ನೂ ಹತ್ತು ವರ್ಷ ಹಿಡಿಯಿತು. ಆದುದರಿಂದ ಬಸವನಗುಡಿ, ಮಲ್ಲೇಶ್ವರಗಳ ಅಗಲ ಬೀದಿಗಳು ರೋಗದ ವಿಷಯದಲ್ಲಿ ಅರೆತಿಳಿವಳಿಕೆಯಿಂದ ಹುಟ್ಟಿದುವು. ಆದರೂ ಗಾಳಿ ಬೆಳಕುಗಳಿಂದ ಬೇರೆ ಎಷ್ಟೋ ಒಳ್ಳೆಯದಾಯಿತು. ದಂಡಿನ ಕಡೆಯವರು ಬ್ಲಾಕ್‍ಪಳ್ಳಿಯ ಇಕ್ಕಟ್ಟನ್ನು ನೀಗಲು ೧೯೦೬ ರಲ್ಲಿ ಶಂಕುಸ್ಥಾಪನೆ ಮಾಡಿ ಫ್ರೇಜರ್ ಟೌನನ್ನು ಕಟ್ಟಿಸಿದರು. ಅಂದಿನ ರೆಸಿಡೆಂಟರಾದ ಸ್ಟೂಅರ್ಟ್ ಫ್ರೇಜರರ ಹೆಸರು ಅದಕ್ಕೆ ಬಂದಿತು. ಅಷ್ಟು ಹೊತ್ತಿಗೆ ಇಲಿಯ ಪಾತ್ರ ತಿಳಿಯುತ್ತ ಬಂದಿದ್ದುದರಿಂದ ಅಲ್ಲಿನ ಎಂಜಿನಿಯರ್ ಸ್ಟೀಫೆನ್ಸರು ಇಲಿ ಹೊಗದಂಥ ಮನೆಗಳನ್ನು ಯೋಚಿಸಿದರು. ಆ ಅನುಭವದ ಮೇಲೆ ೧೯೧೪ ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು.

ರೋಗ ಬಡವ ಬಲ್ಲಿದನೆಂದು ನೋಡದೆ ಬಂದಿತು. ರೋಗದಿಂದ ತಪ್ಪಿಸಿಕೊಳ್ಳುವ ದಾರಿ ಮಾತ್ರ ಎಲ್ಲರಿಗೂ ಸಮವಾಗಿರಲಿಲ್ಲ. ನಿವೇಶನವನ್ನು ಕೊಳ್ಳಲು ಹಣ ಬೇಕು, ಗೊತ್ತಾದ ಅವಧಿಯಲ್ಲಿ ಮನೆ ಕಟ್ಟಲು ಹಣ ಬೇಕು, ಕೆಲಸದ ಸ್ಥಳಕ್ಕೆ ದೂರದಿಂದ ಬರಲು ಜಟಕಾ ಬಾಡಿಗೆಯೋ ಸೈಕಲ್ಲೋ ಬೇಕು. ಮಗ್ಗವನ್ನು ಬಿಟ್ಟು ನೇಕಾರನೂ, ಆವಿಗೆಯನ್ನು ಬಿಟ್ಟು ಕುಂಬಾರನೂ ಬಡಾವಣೆಗೆ ಹೋಗುವುದು ಸಾಧ್ಯವಿರಲಿಲ್ಲ. ಕಚೇರಿಗೆ ಹೋಗುವವನು ಹೋಗಬಲ್ಲವನಾದನು, ಹೋದನು. ಮೇಲಾಗಿ ನಿವೇಶನಗಳನ್ನು ಹಂಚುವಾಗ ಜಾತಿಮತಗಳನ್ನು ನೋಡಿ ಬೇರೆ ಬೇರೆ ಭಾಗಗಳನ್ನು ಗೊತ್ತುಮಾಡಿದುದರಿಂದ, ಹಳೆಯ ಅಗ್ರಹಾರ ಕೇರಿಗಳ ವಿಂಗಡಣೆಯು ಹೊಸ ನಕ್ಷೆಯಲ್ಲಿಯೂ ಮುಂದುವರಿಯಿತು. ಬೀದಿ ನೇರವಾಯಿತು, ಕುಲದ ಗೆರೆ ಅಳಿಯಲಿಲ್ಲ.

೪

ಬಡಾವಣೆಯ ಅಂತಸ್ತಿಗೆ ಆಧಾರವಾದುದು ಸರ್ಕಾರದ ನೌಕರಿ ಮತ್ತು ವಿದ್ಯೆ. ಪೇಟೆಯ ವರ್ತಕನೊಡನೆ ಹೋಲಿಸಿದರೆ ಬಸವನಗುಡಿಯ ಗುಮಾಸ್ತೆ ಬಡವನೇ. ತಿಂಗಳ ಕೊನೆಯಲ್ಲಿ ಅವನು ದಿನಸಿಯ ಅಂಗಡಿಯಲ್ಲಿ ಬಾಕಿ ಬರೆಸುತ್ತಿದ್ದನು. ಮಗಳ ಮದುವೆಗೆ ಪೇಟೆಯಲ್ಲಿಯೇ ಸಾಲ ಎತ್ತುತ್ತಿದ್ದನು. ಆದರೂ ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿ ಅವನದು; ಸಾಲ ಕೊಟ್ಟವನು ಹಿಂದೆ ನಿಲ್ಲುತ್ತಿದ್ದನು. ಪದವಿ, ಪಿಂಚಣಿ, ಇಂಗ್ಲಿಷು, ಮನೆಯ ಗೇಟಿನ ಮೇಲಿನ ಹೆಸರಿನ ಹಲಗೆ, ಇವು ಕೂಡಿದರೆ ಅಂತಸ್ತಾಯಿತು. ಹೆಣ್ಣು ಕೊಡುವವರು ಗಂಡಿನ ಆಸ್ತಿಯನ್ನು ವಿಚಾರಿಸುವ ಮೊದಲು ಮನೆ ಯಾವ ಬಡಾವಣೆಯಲ್ಲಿದೆಯೆಂದು ಕೇಳುವ ರೂಢಿ ಬಂದಿತು.

ಈ ಅಂತಸ್ತಿನಲ್ಲಿ ಸತ್ತ್ವವೇ ಇರಲಿಲ್ಲವೆಂದು ಹೇಳುವುದು ನ್ಯಾಯವಲ್ಲ. ೧೯೧೫ ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಮಂದಿರ ಚಾಮರಾಜಪೇಟೆಯಲ್ಲಿದೆ. ೧೯೧೭ ರಲ್ಲಿ ನ್ಯಾಷನಲ್ ಹೈಸ್ಕೂಲೂ, ೧೯೪೫ ರಲ್ಲಿ ಡಿ. ವಿ. ಗುಂಡಪ್ಪನವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೂ ಬಸವನಗುಡಿಯ ಕಡೆಗೆ ನೆಲೆಗೊಂಡುವು. ಅದಕ್ಕೆ ಹೊಂದಿದ ಗವಿಪುರದಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ವಾಸವಾಗಿದ್ದರು. ಮಲ್ಲೇಶ್ವರಕ್ಕೆ ಉತ್ತರದಲ್ಲಿ, ಮಹಾರಾಜರ ಸರ್ಕಾರವು ಕೊಟ್ಟ ನೆಲದಲ್ಲಿ, ತಾತಾ ಅವರ ವಿಜ್ಞಾನ ಮಂದಿರವು ಎದ್ದಿತು. ಅಲ್ಲಿಗೆ ೧೯೩೩ ರಲ್ಲಿ ಬಂದ ಸರ್ ಸಿ. ವಿ. ರಾಮನ್ನರು ಮುಂದೆ ಮಲ್ಲೇಶ್ವರದ ‘ಪಂಚವಟಿ’ಯಲ್ಲಿ ನೆಲೆಸಿದರು. ಕನ್ನಡದ ಹೊಸ ಸಾಹಿತ್ಯಕ್ಕೂ ವಿದ್ಯೆಗೂ ಈ ನೆರೆಗಳು ಮಾಡಿದ ಉಪಕಾರ ಚಿಕ್ಕದಲ್ಲ.

ಆದರೆ ಆ ವಿದ್ಯೆಯೂ ನೌಕರಿಯೂ ಯಾರ ಕೈಯಲ್ಲಿದ್ದುವೆಂಬ ಪ್ರಶ್ನೆ ಬಹುಕಾಲ ಸುಮ್ಮನಿರಲಿಲ್ಲ. ಸಂಸ್ಥಾನದ ದೊಡ್ಡ ಹುದ್ದೆಗಳಲ್ಲಿ ಬಹುಭಾಗ ಬ್ರಾಹ್ಮಣರಲ್ಲಿಯೇ ಇದ್ದುದರಿಂದ, ೧೯೧೮ ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೂ ಕೆಳಗಿನವುಗಳಲ್ಲಿ ಮೂರನೆಯ ಎರಡು ಪಾಲಿಗೂ ಕಡಿಮೆಯಿಲ್ಲದಂತೆ ಹಿಂದುಳಿದ ಸಮುದಾಯಗಳಿಗೆ ಸಲ್ಲಬೇಕೆಂದು ಅದು ಸೂಚಿಸಿತು. ಈ ಸೂಚನೆಯಿಂದ ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಕಳವಳವಾಯಿತು. ವಿದ್ಯೆಗೆ ಸಲ್ಲುವ ಮರ್ಯಾದೆಯೆಂದು ತಿಳಿದುಕೊಂಡಿದ್ದುದರಲ್ಲಿ ಹುಟ್ಟಿನ ಪಾಲೆಷ್ಟು ಎಂಬುದನ್ನು ಮೊದಲ ಬಾರಿಗೆ ಅಂಕಿಗಳಲ್ಲಿ ಕಾಣಬೇಕಾಗಿ ಬಂದುದೇ ಅದಕ್ಕೆ ಕಾರಣ.

ಬಡಾವಣೆಯು ದಂಡನ್ನು ಅಲ್ಲಗಳೆಯುತ್ತಲೇ ಅದನ್ನು ಅನುಕರಿಸಿದ್ದೂ ವಿಚಾರಯೋಗ್ಯವಾಗಿದೆ. ದಂಡಿನ ಬಂಗಲೆಗಳ ಕಿಟಕಿಗಳ ಮೇಲೆ ಮರದ ಪಟ್ಟಿಗಳನ್ನು ಜೋಡಿಸಿದ ಚೂಪು ಮಾಡುಗಳಿದ್ದುವು. ಜನ ಅವನ್ನು ‘ಮಂಕಿ ಟಾಪ್’ ಎಂದರು. ಅವೇ ಮಲ್ಲೇಶ್ವರ, ಬಸವನಗುಡಿಗಳ ಮನೆಗಳ ಮುಖದ ಮೇಲೂ ಬಂದುವು. ಹೊರಗೆ ದಂಡಿನ ಮುಖ. ಒಳಗೆ ದೇವರ ಮನೆ, ಮಡಿಯ ಅಡಿಗೆಮನೆ, ಹಿತ್ತಿಲಲ್ಲಿ ತುಳಸಿಯ ಕಟ್ಟೆ. ದಂಡಿನ ಜನ ಪೇಟೆಯನ್ನು ಕೊಳಕೆಂದರು. ಪೇಟೆಯ ಜನ ದಂಡನ್ನು ಆಚಾರಗೆಟ್ಟುದೆಂದರು. ಬಡಾವಣೆಯ ಜನ ಎರಡನ್ನೂ ಕಂಡು ಮೂಗು ಮುರಿದು, ಎರಡರಿಂದಲೂ ಬೇಕಾದುದನ್ನು ತೆಗೆದುಕೊಂಡರು.

ಬಡಾವಣೆಯೊಳಗೂ ಎಲ್ಲರೂ ಸಮರಾಗಿರಲಿಲ್ಲ. ಬೀದಿಯ ಕಡೆ ಮಾಲಿಕನ ದೊಡ್ಡ ಮನೆ, ಪಕ್ಕದ ಓಣಿಯಲ್ಲಿ ಒಳಹೊಕ್ಕರೆ ಎದುರುಬದುರಾಗಿ ಎಂಟು ಹತ್ತು ಸಣ್ಣ ಬಿಡಾರಗಳ ವಠಾರ. ಒಂದೇ ನಲ್ಲಿ, ಒಂದೇ ಬಚ್ಚಲು, ಬೆಳಗಿನ ನಾಲ್ಕು ಗಂಟೆಗೆ ಕೊಡಗಳ ಸಾಲು. ಶಾಲೆಯ ಉಪಾಧ್ಯಾಯ, ಅಂಚೆಯ ನೌಕರ, ವಿಧವೆ ತಾಯಿಯೊಡನೆ ಹಳ್ಳಿಯಿಂದ ಓದಲು ಬಂದ ಹುಡುಗ, ಇಂಥವರಿಂದ ವಠಾರ ತುಂಬುತ್ತಿದ್ದಿತು. ವಿಳಾಸದಲ್ಲಿ ಬಸವನಗುಡಿ ಎಂದು ಬರೆಯಬಹುದೆಂಬುದಕ್ಕಾಗಿ ಅವರು ತಮ್ಮ ಅಲ್ಪ ವರಮಾನದಲ್ಲಿ ದೊಡ್ಡ ಭಾಗವನ್ನು ಬಾಡಿಗೆಯಾಗಿ ತೆತ್ತರು. ಆ ಬಾಡಿಗೆಯ ಮನೆಯಾದರೂ ಕುಲವನ್ನು ಕೇಳದೆ ಸಿಕ್ಕುತ್ತಿರಲಿಲ್ಲ.

೫

ಈ ಹೋಲಿಕೆಗಳಲ್ಲೆಲ್ಲ ಇಬ್ಬರ ಹೆಸರು ಬರುವುದಿಲ್ಲ. ಒಬ್ಬರು ಆ ನೆಲದ ಹಿಂದಿನ ಒಡೆಯರಾದ ಹಳ್ಳಿಗರು. ಮಲ್ಲೇಶ್ವರದ ಕಾಡು ಮಲ್ಲಿಕಾರ್ಜುನ ದೇವಾಲಯದ ಬಳಿ ೧೬೬೯ ರ ಶಾಸನವೊಂದಿದೆ. ಶಿವಾಜಿಯ ತಮ್ಮನಾದ ಏಕೋಜಿಯು ಮೇದರನಿಂಗನಹಳ್ಳಿ ಎಂಬ ಗ್ರಾಮವನ್ನು ಮಲ್ಲಪುರದ ದೇವರಿಗೆ ಬಿಟ್ಟನೆಂದು ಅದು ತಿಳಿಸುತ್ತದೆ. ಬುಟ್ಟಿ ಹೆಣೆಯುವ ಮೇದರ ಹೆಸರನ್ನು ಹೊತ್ತ ಆ ಹಳ್ಳಿ ಕಲ್ಲಿನಲ್ಲಿ ಮಾತ್ರ ಉಳಿಯಿತು. ಬಸವನಗುಡಿಯ ಕೆಳಗೆ ಸುಂಕೇನಹಳ್ಳಿಯ ಹೊಲಗಳಿದ್ದುವು. ಅಲ್ಲಿನ ರೈತರು ಕಡಲೆಕಾಯಿಯ ಮೊದಲ ಫಸಲನ್ನು ದೊಡ್ಡ ಬಸವಣ್ಣನಿಗೆ ಒಪ್ಪಿಸುತ್ತಿದ್ದ ನೆನಪು ಕಾರ್ತಿಕದ ಕೊನೆಯ ಸೋಮವಾರದ ಪರಿಷೆಯಲ್ಲಿ ಇಂದಿಗೂ ನಿಂತಿದೆ. ಹೊಲ ಹೋಯಿತು, ಕಾಯಿ ಮಾತ್ರ ದೂರದ ಊರುಗಳಿಂದ ಬಂಡಿಗಳಲ್ಲಿ, ಅನಂತರ ಲಾರಿಗಳಲ್ಲಿ ಬಂದು ಅದೇ ಬೀದಿಯಲ್ಲಿ ರಾಶಿ ಬೀಳುತ್ತದೆ.

ಮತ್ತೊಬ್ಬರು ಹಿಂದಿನ ಗಲ್ಲಿಯವರು. ಅಗಲ ಬೀದಿ, ಶುದ್ಧ ಗಾಳಿ, ಬಡಾವಣೆಯ ಹೆಮ್ಮೆ ಇವೆಲ್ಲವೂ ಬೆಳಗಿನ ಜಾವದಲ್ಲಿ ಆ ಗಲ್ಲಿಯಲ್ಲಿ ಬಂದು, ಹಿತ್ತಿಲ ಗೋಡೆಯ ಕಂಡಿಯಿಂದ ಮಲವನ್ನು ತೆಗೆದು, ತಲೆಯ ಮೇಲೆ ಹೊತ್ತು ಸಾಗಿಸಿದ ಗಂಡಸರು ಹೆಂಗಸರ ದುಡಿಮೆಯ ಮೇಲೆ ನಿಂತಿದ್ದುವು. ಅವರಲ್ಲಿ ಬಹುಮಂದಿ ತೆಲುಗು ನುಡಿಯುವವರು. ಪೇಟೆಯವರೂ ದಂಡಿನವರೂ ಬಡಾವಣೆಯವರೂ ಬೇರೆಲ್ಲ ವಿಷಯಗಳಲ್ಲಿ ಭಿನ್ನಾಭಿಪ್ರಾಯವುಳ್ಳವರಾಗಿದ್ದರೂ ಈ ಜನರಿಗೆ ಮುಂಬಾಗಿಲಿಲ್ಲವೆಂಬುದರಲ್ಲಿ ಮಾತ್ರ ಏಕಮತದವರಾಗಿದ್ದರು. ನಕ್ಷೆ ಬರೆದವರು ಅವರ ಹಾದಿಗೆ ಅಳತೆಮಾಡಿ ನೆಲ ಬಿಟ್ಟರು. ಆ ಬೀದಿಗಳಲ್ಲಿ ಅವರ ಮನೆಗೆ ನೆಲ ಬಿಡಲಿಲ್ಲ. ಸ್ವಾತಂತ್ರ್ಯ ಬಂದು ಕಾಲು ಶತಮಾನ ಕಳೆದ ಮೇಲೆ, ೧೯೭೦ ರ ದಶಕದ ಮೊದಲಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಬಡಾವಣೆಗಳು ಹುಟ್ಟಿ ಆಗ ಮುಕ್ಕಾಲು ಶತಮಾನವಾಗಿದ್ದಿತು.

೬

ಅಂತಸ್ತಿನ ಅಳತೆಗೋಲುಗಳು ಎಷ್ಟು ಕಾಲ ಬಾಳಿದುವು? ೧೯೦೫ ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯಿಂದ ಪೇಟೆಯ ಬೀದಿಗಳಲ್ಲಿ ದೀಪಗಳು ಉರಿದುವು. ೧೯೪೧ ರ ಹೊತ್ತಿಗೆ ಪೇಟೆ ಮತ್ತು ಬಡಾವಣೆಗಳ ನಗರವು ಎರಡೂವರೆ ಲಕ್ಷ ಜನರ ಸಮೀಪಕ್ಕೆ ಬೆಳೆದು, ಒಂದೂವರೆ ಲಕ್ಷಕ್ಕೆ ತುಸು ಮೇಲ್ಪಟ್ಟಿದ್ದ ದಂಡನ್ನು ಹಿಂದೆ ಹಾಕಿತ್ತು. ೧೯೪೭ ರ ಜುಲೈ ೨೬ ರಂದು ದಂಡಿನ ಪ್ರದೇಶವು ಮೈಸೂರಿಗೆ ಮರಳಿ ಬಂದಿತು. ೧೯೪೯ ರಲ್ಲಿ ಎರಡು ಪುರಸಭೆಗಳೂ ಕೂಡಿ ಒಂದೇ ಕಾರ್ಪೊರೇಷನ್ ಆಯಿತು. ಮೈಬಣ್ಣದ ಅಂತಸ್ತು ಆ ಕಾಲಕ್ಕೆ ಮುಗಿಯಿತು. ೧೯೪೮ ರಲ್ಲಿ ರಾಜಗೋಪಾಲಾಚಾರ್ಯರು ಶಂಕುಸ್ಥಾಪನೆ ಮಾಡಿದ ಜಯನಗರವು ಬೆಳೆದಂತೆ, ಒಮ್ಮೆ ಹೊಸದೆಂದು ಹೆಮ್ಮೆಪಡುತ್ತಿದ್ದ ಬಸವನಗುಡಿಯು ಹಳೆಯದೆಂಬ ಹೆಮ್ಮೆಯನ್ನು ತಾಳಿತು. ೧೮೮೨ ರಲ್ಲಿ ಆಂಗ್ಲೋ ಇಂಡಿಯನ್ನರ ಬೇಸಾಯಕ್ಕೆಂದು ಬಿಟ್ಟ ವೈಟ್‍ಫೀಲ್ಡು ನೂರು ವರ್ಷ ಊರಾಚೆಯ ಸಣ್ಣ ಹಳ್ಳಿಯಾಗಿದ್ದು, ೧೯೯೦ ರ ದಶಕದ ಕೊನೆಯಿಂದೀಚೆಗೆ ಗಣಕಯಂತ್ರದ ಉದ್ಯಮ ಬಂದುದರಿಂದ ಜನವೂ ಹಣವೂ ನುಗ್ಗುವ ನೆಲೆಯಾಯಿತು. ಮಲ್ಲೇಶ್ವರದಲ್ಲಿ ಕೂಲಿಗಳು ನೂಲು ತೆಗೆಯುತ್ತಿದ್ದ ರಾಜಾ ಮಿಲ್ಲಿನ ಸ್ಥಳದಲ್ಲಿ ಅಂಗಡಿಗಳ ಬೃಹತ್ ಕಟ್ಟಡವೆದ್ದಿದೆ. ಗುಮಾಸ್ತೆಯೊಬ್ಬನು ಸಾಲ ಮಾಡಿ ಕೊಂಡ ನಿವೇಶನ ಮೊಮ್ಮಕ್ಕಳ ಕಾಲಕ್ಕೆ ಪೇಟೆಯ ಸಾಹುಕಾರನ ಮಳಿಗೆಗಿಂತ ಬೆಲೆಯುಳ್ಳದ್ದಾಯಿತು. ಅದಕ್ಕೆ ಕಾರಣ ಅವನ ವಿದ್ಯೆಯೂ ಅಲ್ಲ, ದುಡಿಮೆಯೂ ಅಲ್ಲ. ಪ್ಲೇಗಿನ ವರ್ಷಗಳಲ್ಲಿ ಆ ಗಡಿಯೊಳಗೆ ಅವನಿಗೆ ನೆಲ ದೊರೆತಿದ್ದುದು. ದೊರೆಯದವರ ಮೊಮ್ಮಕ್ಕಳಿಗೆ ಆ ಏರಿಕೆಯಲ್ಲಿ ಪಾಲಿಲ್ಲ.

ಹೀಗೆ ನೋಡಿದರೆ ಒಂದು ನೆರೆಯು ಮತ್ತೊಂದಕ್ಕಿಂತ ಮೇಲೆಂದು ಹೇಳುವಾಗ ಅಲ್ಲಿನ ಜನರ ಗುಣದ ಮಾತು ಅಷ್ಟಾಗಿ ಬರುವುದಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಕೊಳವೆಯ ನೀರು ಯಾವ ಕಡೆಗೆ ಮೊದಲು ಹರಿಯಿತು, ನೆಲ ಯಾರಿಗೆ ಹಂಚಿಕೆಯಾಯಿತು, ನೌಕರಿ ಯಾರ ಪಾಲಿಗೆ ಬಂದಿತು, ಕೊಳೆಯನ್ನು ಯಾರು ಹೊತ್ತರು, ಇವುಗಳಿಂದ ಮೇಲು ಕೀಳುಗಳು ಏರ್ಪಟ್ಟುವು. ಏರ್ಪಟ್ಟ ಮೇಲೆ ಹುಟ್ಟುಗುಣದಂತೆ ಕಂಡುವು. ಪೇಟೆಯ ದಾನಬುದ್ಧಿ, ಬಡಾವಣೆಯ ವಿದ್ಯಾಪ್ರೀತಿ, ದಂಡಿನ ಅಚ್ಚುಕಟ್ಟು, ಇವು ಮೂರೂ ಬೆಂಗಳೂರಿಗೆ ದೊರೆತ ಒಳ್ಳೆಯ ಪಾಲುಗಳೇ. ಬಸವನಗುಡಿಯಲ್ಲಿಯೂ ಮಲ್ಲೇಶ್ವರದಲ್ಲಿಯೂ ಆ ಹಿಂದಿನ ಗಲ್ಲಿಗಳು ಕೆಲವು ಮುಚ್ಚಿಹೋಗಿವೆ. ಕೆಲವು ಇನ್ನೂ ಇವೆ. ಆ ಮನೆಗಳಲ್ಲಿ ಹುಟ್ಟಿ ಬೆಳೆದವರು ಮುಂಬಾಗಿಲಿನ ಹೆಸರಿನ ಹಲಗೆಯನ್ನು ಓದಿದಂತೆಯೇ ಹಿಂಬಾಗಿಲಿನ ಆ ಕಿರುದಾರಿಯನ್ನೂ ಒಮ್ಮೆ ನಡೆದು ನೋಡಿದರೆ ತಮ್ಮ ನೆರೆಯ ಚರಿತ್ರೆ ಪೂರ್ಣವಾಗಿ ತಿಳಿದೀತು.